ಊಟ ಮಾಡಿ ಹೋದವನು

"ಕೈ ಸಡಿಲ ಬಿಡಿ."

"ಬಿಟ್ಟಿದೀನಿ."

"ಇಲ್ಲ ರೀ, ಬಿಟ್ಟಿಲ್ಲ. ಬೆರಳು ಕಡ್ಡಿ ಆದಂಗೆ ಆಗೈತೆ. ಹಿಂಗಿದ್ರೆ ಗುರುತು ಮೂಡಂಗಿಲ್ಲ."

ಸರ್ವಮಂಗಳ ಕೈ ಸಡಿಲ ಬಿಡಲು ನೋಡಿದಳು. ಆಗಲಿಲ್ಲ. ಹೇಗಾದೀತು... ಇಪ್ಪತ್ತೊಂದು ವರ್ಷದಲ್ಲಿ ಬಳೆಗಾರನನ್ನು ಬಿಟ್ಟರೆ ಹೊರಗಿನ ಯಾವ ಗಂಡಸೂ ಅವಳ ಕೈ ಹಿಡಿದಿರಲಿಲ್ಲ! ಈಗ ನೋಡಿದರೆ ತರಗತಿ ತುಂಬ ಹುಡುಗರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ, ಜಗಳೂರು ಕಡೆಯ ಜಂಪಣ್ಣ ಅವಳ ಬಲಗೈ ಹೆಬ್ಬೆರಳು ಹಿಡಿದು ಮಸಿ ಬಳಿದ ಗಾಜಿನ ಮೇಲೆ ಉರುಳಿಸುತ್ತಿದ್ದಾನೆ.

ಅದು ೧೯೮೩ರ ಆಗಸ್ಟ್. ಹೊನ್ನಾಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಆ ವರ್ಷವಷ್ಟೇ ಶುರುವಾಗಿದ್ದ ಪೊಲೀಸ್ ಆಡಳಿತ ಮತ್ತು ಭದ್ರತೆಯ ಡಿಪ್ಲೊಮಾ. ಹತ್ತೊಂಬತ್ತು ಹುಡುಗರು, ಒಬ್ಬಳೇ ಹುಡುಗಿ. ಅವತ್ತು ಬೆರಳಚ್ಚು ತೆಗೆಯುವ ಪ್ರಾಕ್ಟಿಕಲ್. ಇಬ್ಬಿಬ್ಬರು ಜೋಡಿಯಾಗಿ ಎಂದಾಗ ಒಬ್ಬನನ್ನು ಬಿಟ್ಟು ಹುಡುಗರೆಲ್ಲ ಪಟಪಟನೆ ಜೋಡಿಯಾದರು. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

ಪಾಠ ಮಾಡುತ್ತಿದ್ದ ಓಂಕಾರಪ್ಪ ಮೇಷ್ಟ್ರು ನಿವೃತ್ತ ಇನ್ಸ್‌ಪೆಕ್ಟರು. ಮೀಸೆ ಇನ್ನೂ ನಿವೃತ್ತಿಯಾಗಿರಲಿಲ್ಲ. "ನಾಳೆ ಕಳ್ಳಿ ಸಿಕ್ಕಿಬಿದ್ರೆ ನಾಚಿಕೆ ಆಗುತ್ತೆ ಸಾರ್ ಅಂತ ಮನೆಗೆ ಓಡ್ತೀರೇನ್ರಪ್ಪ?" ಎಂದು ಗದರಿದರು. ಎಲ್ಲರೂ ನಕ್ಕರು. ನಗದೆ ಎದ್ದು ಬಂದವನು ಜಂಪಣ್ಣ.

ಅವನು ಅವಳ ಮುಖ ನೋಡಲಿಲ್ಲ. ಒಂದು ಬೆರಳು ಮುಗಿದ ಮೇಲೆ, "ಮುಂದಿನ ಬೆರಳು ತಗೊಳ್ಳಲಾ?" ಎಂದು ಕೇಳಿದ. ಅವಳು ತಲೆ ಆಡಿಸಿದಳು. ಮತ್ತೊಂದು ಮುಗಿಯಿತು. ಮತ್ತೆ ಕೇಳಿದ. ಹತ್ತು ಬೆರಳಿಗೂ ಹತ್ತು ಸಲ!

ಐದನೆಯದಕ್ಕೆ ಬರುವಷ್ಟರಲ್ಲಿ ಅವಳ ಕೈ ತಾನಾಗಿಯೇ ಸಡಿಲವಾಗಿತ್ತು. 'ಇವನ್ಯಾರು... ಇಷ್ಟು ಚಿಕ್ಕದಕ್ಕೂ ನನ್ನ ಕೇಳ್ತಾನಲ್ಲ' ಎಂದುಕೊಂಡಳು. ಕೈ ಒರೆಸಿಕೊಳ್ಳಲು ಸೀಮೆಎಣ್ಣೆಯ ಬಟ್ಟೆಯನ್ನು ಅವನು ಮೊದಲು ಅವಳಿಗೇ ಕೊಟ್ಟ.

ಅವಳಿಗೆ ಅದು ಯಾಕೆ ಅಷ್ಟು ದೊಡ್ಡದಾಗಿ ಕಂಡಿತು ಎಂದು ತಿಳಿಯಬೇಕಾದರೆ ಸಾಸ್ವೆಹಳ್ಳಿಯ ಅವಳ ಮನೆಗೆ ಹೋಗಬೇಕು.

ಅಪ್ಪ ತೀರಿಕೊಂಡು ಆರು ವರ್ಷ. ಮನೆ ನಡೆಸುವವನು ಅಣ್ಣ ನಾಗರಾಜಪ್ಪ, ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಕೆಟ್ಟವನಲ್ಲ. ತಂಗಿಗೆ ಹಬ್ಬಕ್ಕೆ ಸೀರೆ ತಪ್ಪಿಸಿದವನಲ್ಲ. ಆದರೆ ಅವಳನ್ನು ಏನಾದರೂ ಕೇಳಬೇಕು ಎಂಬುದು ಅವನ ತಲೆಗೆ ಹೊಳೆದದ್ದೇ ಇಲ್ಲ. ಅವಳು ಯಾವ ಸೀರೆ ಉಡಬೇಕು, ಯಾವ ಮದುವೆಗೆ ಹೋಗಬೇಕು, ಯಾವ ಬಸ್ಸಿಗೆ ಬರಬೇಕು, ಎಲ್ಲ ಅವನೇ ಹೇಳುತ್ತಿದ್ದ. ಅಮ್ಮ ಶಂಕ್ರಮ್ಮ ಹೂಂಗುಟ್ಟುತ್ತಿದ್ದಳು.

ಇನ್ನೊಂದು ಗುಣವೂ ಅವನಿಗಿತ್ತು. ಕೊಟ್ಟ ಮಾತು ತಪ್ಪುತ್ತಿರಲಿಲ್ಲ. ಒಮ್ಮೆ ಪಕ್ಕದ ಮನೆಯವರಿಗೆ ಉಳುಮೆಗೆ ಎತ್ತು ಕೊಡುತ್ತೇನೆ ಎಂದಿದ್ದ. ಮರುದಿನವೇ ಹದವಾದ ಮಳೆ ಬಿತ್ತು. ಎತ್ತು ಅವರಿಗೇ ಕೊಟ್ಟು, ತನ್ನ ಹೊಲ ಎರಡು ದಿನ ಹಾಗೇ ಬಿಟ್ಟ. ಊರಿನವರು ಈಗಲೂ ಅದನ್ನು ಹೇಳುತ್ತಾರೆ.

ಡಿಪ್ಲೊಮಾ ಓದುತ್ತೇನೆ ಎಂದು ಅವಳು ಮೂರು ದಿನ ಊಟ ಬಿಟ್ಟಾಗ ಅವನು ಮನೆದೇವರ ಮುಂದೆ ನಿಂತು ಹೇಳಿದ್ದು ಇಷ್ಟೇ. "ಓದು. ಆದ್ರೆ ಒಳ್ಳೆ ಕಡೆಯಿಂದ ಹೆಣ್ಣು ಕೇಳಿ ಯಾರಾದ್ರೂ ಬಂದ್ರೆ, ಅವತ್ತಿಗೆ ಓದು ಬಂದ್. ಅಲ್ಲೀತನಕ ನಾನು ತಡೆಯಲ್ಲ. ಇದು ನನ್ನ ಮಾತು."

ಅವತ್ತಿನಿಂದ ಬೀದಿಯಲ್ಲಿ ಯಾರಾದರೂ ಅಪರಿಚಿತರು ಚಪ್ಪಲಿ ಬಿಟ್ಟರೆ ಸಾಕು, ಸರ್ವಮಂಗಳ ಕಿಟಕಿಗೆ ಓಡಿ ಯಾರೆಂದು ನೋಡುತ್ತಿದ್ದಳು. ಡಿಪ್ಲೊಮಾ ಕೈಯಲ್ಲಿದ್ದರೆ ಮಹಿಳಾ ಪೊಲೀಸ್ ಆಯ್ಕೆಗೆ ಹೋದಾಗ ಅನುಕೂಲ ಎಂದು ಓಂಕಾರಪ್ಪ ಮೇಷ್ಟ್ರು ಹೇಳಿದ್ದರು. ಆ ಒಂದು ಕಾಗದ ಸಿಗುವವರೆಗೆ ಯಾರೂ ಬರದಿರಲಿ ದೇವರೇ... ಎಂದು ಅವಳು ದಿನಾ ಬಸ್ಸಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದಳು.

ತಿಂಗಳುಗಳು ಕಳೆದವು. ಜಂಪಣ್ಣನೂ ಅವಳೂ ಬಸ್ ನಿಲ್ದಾಣದವರೆಗೆ ನಡೆಯುತ್ತಿದ್ದರು. ಅವನು ರಸ್ತೆಯ ಆ ಬದಿ, ಅವಳು ಈ ಬದಿ. ದಂಡಸಂಹಿತೆಯ ಕಲಂ ಒಂದನ್ನು ಅವನು ಆ ಬದಿಯಿಂದ ಕೇಳುವನು, ಅವಳು ಈ ಬದಿಯಿಂದ ಹೇಳುವಳು. ನಡುವೆ ಎತ್ತಿನ ಗಾಡಿ ಬಂದರೆ ಉತ್ತರ ಅಲ್ಲೇ ನಿಲ್ಲುತ್ತಿತ್ತು. ಇಷ್ಟೇ ಅವರ ಪ್ರೇಮ. ಅದಕ್ಕೆ ಪ್ರೇಮ ಎಂದು ಹೆಸರಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಫೆಬ್ರವರಿಯಲ್ಲಿ ಕೊನೆಯ ಪ್ರಾಕ್ಟಿಕಲ್ ಬಂತು. ಅದಕ್ಕೆ ಪೂರ್ವಾಪರ ವಿಚಾರಣೆ ಎಂದು ಹೆಸರು. ಕೆಲಸಕ್ಕೆ ಸೇರುವವನ ನಡತೆ ಹೇಗೆ, ಮನೆತನ ಹೇಗೆ ಎಂದು ಪೊಲೀಸರು ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸುತ್ತಾರಲ್ಲ, ಅದು. ಒಬ್ಬೊಬ್ಬರಿಗೂ ಒಬ್ಬ ಸಹಪಾಠಿಯ ಹೆಸರಿನ ಚೀಟಿ. ಯಾರ ಹೆಸರು ಬಂತು ಎಂದು ಯಾರಿಗೂ ಹೇಳುವಂತಿಲ್ಲ. ಆ ಊರಿಗೆ ಹೋಗಿ ಐದು ಜನರನ್ನು ಕೇಳಿ ವರದಿ ಬರೆಯಬೇಕು.

"ಎರಡು ನಿಯಮ," ಎಂದಿದ್ದರು ಮೇಷ್ಟ್ರು. "ಯಾಕೆ ಬಂದಿದೀವಿ ಅಂತ ಬಾಯಿ ಬಿಡಬಾರದು. ವಿಚಾರಣೆ ಮಾಡ್ತಿರೋರ ಮನೆ ಹೊಸ್ತಿಲು ತುಳಿಯಬಾರದು."

ಸರ್ವಮಂಗಳ ಅಮ್ಮನಿಗೆ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿ, ತನ್ನ ಚೀಟಿಯಲ್ಲಿದ್ದ ಹುಡುಗನ ಊರು ನ್ಯಾಮತಿಗೆ ಹೋಗಿ ಬಂದಳು. ಅಲ್ಲಿನವರು ಅವಳನ್ನು ಕುಟುಂಬ ಯೋಜನೆಯವಳು ಎಂದುಕೊಂಡು, ಕೇಳದಿದ್ದರೂ ತಮ್ಮ ತಮ್ಮ ಮಕ್ಕಳ ಲೆಕ್ಕ ಕೊಟ್ಟರು.

ಅವಳ ಹೆಸರಿನ ಚೀಟಿ ಜಂಪಣ್ಣನಿಗೆ ಬಂದಿತ್ತು.

ಒಂದು ಶುಕ್ರವಾರ, ಅವಳು ಕಾಲೇಜಿನಲ್ಲಿದ್ದಾಗ, ರೂಮಿನ ಗೆಳೆಯನ ಬಿಳಿ ಅಂಗಿ ತೊಟ್ಟು ಅವನು ಸಾಸ್ವೆಹಳ್ಳಿಯಲ್ಲಿ ಇಳಿದ. ಹಿಟ್ಟಿನ ಗಿರಣಿಯಲ್ಲಿ ಕೇಳಿದ. ಚಹಾದ ಅಂಗಡಿಯಲ್ಲಿ ಕೇಳಿದ. ಪೋಸ್ಟಿನವರನ್ನು ಕೇಳಿದ. "ನಾಗರಾಜಪ್ಪನೋರ ತಂಗಿ ನಡತೆ ಹೆಂಗೆ? ಮನೆತನ ಹೆಂಗೆ? ಯಾರ ಜೊತೆಗಾದ್ರೂ ಜಗಳ, ತಂಟೆ ಐತಾ?"

ನೀವೇ ಹೇಳಿ. ಬಿಳಿ ಅಂಗಿ ತೊಟ್ಟ ಗಂಡು ಹುಡುಗ, ಯಾಕೆ ಬಂದೆ ಎಂದರೆ ಬಾಯಿ ಬಿಡದೆ, ಮದುವೆಗೆ ಬಂದ ಹುಡುಗಿಯ ನಡತೆ ಕೇಳುತ್ತಾ ಬೀದಿ ಸುತ್ತಿದರೆ ಊರವರು ಏನೆಂದುಕೊಳ್ಳಬೇಕು?

ನಾಲ್ಕನೆಯವಳು ಕೆಂಪಕ್ಕ, ಅವರ ಪಕ್ಕದ ಮನೆಯವಳು. ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅಷ್ಟು ದೂರದಿಂದ ಬಂದು ಬೀದೀಲಿ ನಿಂತು ಕೇಳ್ತೀಯಲ್ಲಪ್ಪ. ಬಾ, ಮನೇನೇ ತೋರಿಸ್ತೀನಿ."

"ಬ್ಯಾಡ ಅಮ್ಮ, ನಾನು ಹಿಂಗೇ ಹೋಗ್ತೀನಿ..."

"ನಾಚಿಕೆ ಏನು ಇದ್ರಾಗೆ? ಬಾರಪ್ಪ." ಅವಳು ಮುಂದೆ ನಡೆದೇಬಿಟ್ಟಳು.

ಆ ಕಡೆ ಒಂದು ಪದ್ಧತಿ ಇದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನಬಹುದು, ಕಾಫಿ ಕುಡಿಯಬಹುದು. ಎಲೆ ಹಾಕಿದರೆ ಮಾತ್ರ 'ಇನ್ನೊಂದ್ಸಲ ಬರ್ತೀವಿ' ಎಂದು ಎದ್ದುಬಿಡಬೇಕು. ಕೂತು ಉಂಡರೆ ಹುಡುಗಿ ಒಪ್ಪಿಗೆ ಎಂದೇ ಅರ್ಥ. ಅದಾದ ಮೇಲೆ ಬಾಯಿಬಿಟ್ಟು ಹೇಳುವುದು ಏನೂ ಇರುವುದಿಲ್ಲ.

ಶಂಕ್ರಮ್ಮ ಎಲೆ ಹಾಕಿದಳು. ನಾಗರಾಜಪ್ಪ ಅಂಗಡಿಯಿಂದ ಬಂದು ಎದುರಿಗೆ ಕೂತ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಎಲ್ಲ ಕೇಳಿದ. ಹುಡುಗ ತಲೆತಗ್ಗಿಸಿ ನಿಜವನ್ನೇ ಹೇಳಿದ. ಶಾವಿಗೆ ಪಾಯಸ ಬಂತು. ತಿಂದ. ಎರಡನೇ ಸಲ ಬಂತು. ಅದನ್ನೂ ತಿಂದ.

ಅವನ ಮನಸ್ಸಿನಲ್ಲಿ ಆಗ ಏನಿತ್ತು ಎಂದು ನನಗೆ ಗೊತ್ತು. ಈಗಲೇ ಹೇಳುವುದಿಲ್ಲ.

ಸಂಜೆ ಬಸ್ ಇಳಿದು ಬಂದ ಮಗಳ ಕೆನ್ನೆಯನ್ನು ಶಂಕ್ರಮ್ಮ ಸವರಿದಳು. "ಮಂಗಳಾ, ನಿನ್ನ ಸಂಬಂಧ ಕೂಡಿಬಂತು ಕಣಮ್ಮ. ಹುಡುಗ ನಮ್ಮನೇಲಿ ಉಂಡು ಹೋದ."

ಕೈಯಲ್ಲಿದ್ದ ಚೀಲ ಜಾರಿತು. "ಯಾರು?"

"ಜಗಳೂರು ಕಡೆಯೋನು. ಜಂಪಣ್ಣ ಅಂತ."

ಒಂದು ಕ್ಷಣ... ಒಂದೇ ಒಂದು ಕ್ಷಣ ಅವಳ ಎದೆ ಹಿಗ್ಗಿದ್ದು ಸುಳ್ಳಲ್ಲ. ಆಮೇಲೆ ಅಣ್ಣ ಅವಳ ಪುಸ್ತಕಗಳನ್ನು ಹಗ್ಗದಿಂದ ಕಟ್ಟಿ ಅಟ್ಟಕ್ಕೆ ಏರಿಸುವುದು ಕಂಡಿತು.

"ಅಣ್ಣ, ಅದು ನಮ್ಮ ಕಾಲೇಜಿನ ಪ್ರಾಕ್ಟಿಕಲ್ ಇರಬೇಕು..." ಎಂದವಳು ಅಲ್ಲೇ ನಿಂತಳು. ಪ್ರಾಕ್ಟಿಕಲ್ ಆಗಿದ್ದರೆ ಅವನು ಹೊಸ್ತಿಲು ತುಳಿಯುತ್ತಿರಲಿಲ್ಲ. ನಿಯಮ ಅವನಿಗೆ ಅವಳಷ್ಟೇ ಗೊತ್ತು. ಒಳಗೆ ಬಂದಿದ್ದಾನೆ, ಕೂತಿದ್ದಾನೆ, ಉಂಡಿದ್ದಾನೆ. ಅಂದರೆ ಬೇಕೆಂದೇ ಬಂದಿದ್ದಾನೆ. ಅಣ್ಣನ ಷರತ್ತು ಅವನಿಗೆ ಗೊತ್ತಿಲ್ಲದಿರಬಹುದು. ಆದರೂ...

'ಒಂದೊಂದು ಬೆರಳಿಗೂ ನನ್ನ ಕೇಳಿದವನು... ನನ್ನ ಇಡೀ ಬದುಕಿಗೆ ಒಂದು ಮಾತು ಕೇಳಲಿಲ್ಲವಲ್ಲ!'

ಅಣ್ಣ ಬಂಧಿಸಿದ್ದಕ್ಕಿಂತ ಅವನು ಬಂಧಿಸಿದ್ದು ಹೆಚ್ಚು ನೋಯಿಸಿತು.

ಮನೆಗೆ ಬೀಗ ಹಾಕಲಿಲ್ಲ. ಬೀಗವಿದ್ದರೆ ಮುರಿಯಬಹುದಿತ್ತು. ಬಾಗಿಲಲ್ಲಿ ಅಮ್ಮ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. ಹೊನ್ನಾಳಿ ಬಸ್ಸಿನ ಕಂಡಕ್ಟರಿಗೆ ಅಣ್ಣ, "ತಂಗಿಗೆ ಮದುವೆ ಗೊತ್ತಾಗೈತೆ, ಇನ್ನು ಕಾಲೇಜಿಗೆ ಬರಲ್ಲ, ಹತ್ತಿಸ್ಕೋಬ್ಯಾಡ" ಎಂದು ನಗುತ್ತಲೇ ಹೇಳಿದ್ದ. ಹೊರಗೆ ಕಾಲಿಟ್ಟರೆ ಕೆಂಪಕ್ಕ, "ಮದುವಣಗಿತ್ತಿ ಬಿಸಿಲಿಗೆ ಬರಬಾರ್ದು" ಎಂದು ಒಳಗೆ ಕಳಿಸುತ್ತಿದ್ದಳು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಅವಳು ಸೊರಗಿದಳು.

ದಿನಾ ಬೆಳಿಗ್ಗೆ ಎಂಟಕ್ಕೆ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಕಾಲುಗಳು ತಾವಾಗಿ ಎದ್ದು ನಿಲ್ಲುತ್ತಿದ್ದವು. ಬಸ್ ಹೋಗುತ್ತಿತ್ತು. ಅವಳು ಒಲೆಯ ಮುಂದೆ ಕೂತು ಕಲಂಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. ಅಕ್ರಮ ಬಂಧನ, ಕಲಂ ಮುನ್ನೂರ ನಲವತ್ತೆರಡು. ಅಲ್ಲಿಗೆ ಬಂದಾಗ ಅಳು ತಡೆಯಲಾಗುತ್ತಿರಲಿಲ್ಲ.

ಇನ್ನೊಂದು ಯೋಚನೆ ಅವಳನ್ನು ಮತ್ತೂ ಹಿಂಡುತ್ತಿತ್ತು. ಜಂಪಣ್ಣನಿಗೆ ಒಂದು ಕಾರ್ಡು ಬರೆದರೆ ಸಾಕು, 'ಪರೀಕ್ಷೆ ಬರೆಯಲಿ ಬಿಡಿ' ಎಂದು ಅವನು ಒಂದು ಮಾತು ಹೇಳಿದರೆ ಅಣ್ಣ ಬಿಟ್ಟೇ ಬಿಡುತ್ತಾನೆ. ಗಂಡಾಗುವವನ ಮಾತಿಗೆ ಅಷ್ಟು ಬೆಲೆ. ಆದರೆ ಹಾಗೆ ಹೊರಗೆ ಹೋದರೆ ಅದು ಬಿಡುಗಡೆಯೇ? ಇವತ್ತು ಅಣ್ಣ ಕೊಟ್ಟ ಅಪ್ಪಣೆ, ನಾಳೆ ಗಂಡ ಕೊಟ್ಟ ಅಪ್ಪಣೆ. ಅವಳು ಕಾರ್ಡು ಬರೆಯಲಿಲ್ಲ.

ಬರೆದವನು ನಾಗರಾಜಪ್ಪ. 'ಸಂಬಂಧ ನಮಗೆ ಪೂರ್ಣ ಒಪ್ಪಿಗೆ. ಹಿರಿಯರನ್ನು ಕರೆದುಕೊಂಡು ಬರುವುದು.'

ಪರೀಕ್ಷೆ ಹತ್ತಿರವೆಂದು ಅವಳು ಮನೆಯಲ್ಲೇ ಓದುತ್ತಿದ್ದಾಳೆ ಎಂದುಕೊಂಡಿದ್ದ ಜಂಪಣ್ಣ, ತನ್ನ ಊರಿನಿಂದ ಸುತ್ತಿ ಬಂದ ಕಾರ್ಡು ತಲುಪಿದ ಮರುದಿನವೇ ಬಂದ. ಒಬ್ಬನೇ. ಅವಳನ್ನು ಮನೆಯಲ್ಲಿ ಕೂರಿಸಿ ಅವತ್ತಿಗೆ ಹದಿನೆಂಟು ದಿನ. ಪರೀಕ್ಷೆಗೆ ಎರಡೇ ದಿನ.

"ಬರ್ರಿ ಬರ್ರಿ, ಒಳಗೆ ಬರ್ರಿ," ಎಂದ ನಾಗರಾಜಪ್ಪ.

"ಬರಲ್ಲ ಅಣ್ಣಾರೆ. ಅವತ್ತು ಬಂದಿದ್ದೇ ತಪ್ಪಾತು." ಅವನು ಬೀದಿಯಲ್ಲೇ ನಿಂತ. "ನಾನು ಹೆಣ್ಣು ಕೇಳಾಕೆ ಬಂದಿರ್ಲಿಲ್ಲ. ಕಾಲೇಜಿನೋರು ವಿಚಾರಣೆ ಮಾಡ್ಕೊಂಡು ಬಾ ಅಂತ ಕಳಿಸಿದ್ರು. ತಪ್ಪೆಲ್ಲ ನಂದು. ನಿಮ್ಮ ತಂಗಿಯೋರಿಗೆ ಇದು ಏನೂ ಗೊತ್ತಿಲ್ಲ."

ಬಾಗಿಲ ಹಿಂದೆ ನಿಂತ ಸರ್ವಮಂಗಳ ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಹಾಗಾದರೆ ಪ್ರಾಕ್ಟಿಕಲ್ಲೇ...

ನಾಗರಾಜಪ್ಪ ಮೆಟ್ಟಿಲಿಳಿದು ಹೋಗಿ ಅವನ ಕೊರಳಪಟ್ಟಿ ಹಿಡಿದ. "ಎಲೆ ಹಾಕಿದಾಗ ಬಾಯಿ ಇರ್ಲಿಲ್ವಾ ನಿಂಗೆ?"

ಜಂಪಣ್ಣ ಕೈ ಎತ್ತಲಿಲ್ಲ. ಜನ ಸೇರಿದರು. ಶಂಕ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಉಂಡು ಹೋದೋನು ಒಲ್ಲೆ ಅಂದ ಅಂತ ಆದ್ರೆ, ನನ್ನ ಮಗಳನ್ನ ಇನ್ನು ಯಾರು ಕೇಳ್ತಾರಪ್ಪ?" ಎಂದು ಅತ್ತಳು.

"ನಾನು ಒಲ್ಲೆ ಅಂತಿಲ್ಲ ಅಮ್ಮ..."

"ಹಂಗಾದ್ರೆ ಮದುವೆ ಆಗು," ಎಂದ ನಾಗರಾಜಪ್ಪ. "ಈಗಲೇ ಹೂಂ ಅನ್ನು. ಮುಗೀತು."

ಜಂಪಣ್ಣ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಅವನ ಬಾಯಿಂದ ಹೂಂ ಬಂದರೂ ಅವಳು ಸಿಕ್ಕಿಬಿದ್ದಳು, ಉಹೂಂ ಬಂದರೂ ಸಿಕ್ಕಿಬಿದ್ದಳು. ಸರ್ವಮಂಗಳ ಅಮ್ಮನ ಅಕ್ಕಿಯ ಮೊರ ದಾಟಿ ಹೊರಗೆ ಬಂದಳು.

"ಅಣ್ಣ, ಅವರನ್ನ ಬಿಡು. ನೀನು ಮನೆದೇವರ ಮುಂದೆ ಏನು ಮಾತು ಕೊಟ್ಟಿದ್ದೆ?"

"ಒಳಗೆ ನಡಿ."

"ಹೆಣ್ಣು ಕೇಳಿ ಯಾರಾದ್ರೂ ಬಂದ್ರೆ ಓದು ಬಂದ್ ಅಂದಿದ್ದೆ. ಅಲ್ಲೀತನಕ ತಡೆಯಲ್ಲ ಅಂದಿದ್ದೆ. ಈಗ ಇವರೇ ಹೇಳ್ತಾ ಅದಾರೆ, ಊರೆಲ್ಲ ಕೇಳ್ತಾ ಐತೆ, ಇವರು ಹೆಣ್ಣು ಕೇಳಾಕೆ ಬಂದಿಲ್ಲ." ಅವಳು ಇನ್ನೊಂದು ಮೆಟ್ಟಿಲು ಇಳಿದಳು. "ಹಂಗಂದ್ರೆ ಇಲ್ಲೀತನಕ ನನ್ನ ಯಾರೂ ಕೇಳಿ ಬಂದಿಲ್ಲ. ನಿನ್ನ ಮಾತು ಇನ್ನೂ ಹಂಗೇ ಐತೆ. ನಾಡಿದ್ದು ಪರೀಕ್ಷೆ. ನಾನು ಹೋಗ್ತೀನಿ."

ಎತ್ತು ಪಡೆದಿದ್ದ ಪಕ್ಕದ ಮನೆಯವರೂ ಅಲ್ಲೇ ನಿಂತಿದ್ದರು. ನಾಗರಾಜಪ್ಪ ಅವರನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. ಕೊರಳಪಟ್ಟಿ ಬಿಟ್ಟ. ಒಳಗೆ ಹೋಗಿ ಅಟ್ಟ ಹತ್ತಿ, ಪುಸ್ತಕದ ಗಂಟನ್ನು ದಡ್ಡನೆ ಕೆಳಗೆ ಎಸೆದ.

"ಮಾತು ಮಾತೇ," ಎಂದ. ಆಮೇಲೆ ಒಂದು ವಾರ ಅವಳ ಜೊತೆ ಮಾತಾಡಲಿಲ್ಲ.

ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ, ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಜಂಪಣ್ಣ ಮೊದಲ ಸಲ ರಸ್ತೆ ದಾಟಿ ಅವಳ ಬದಿಗೆ ಬಂದ.

"ಒಂದು ಮಾತು ಹೇಳದೆ ಹೋದ್ರೆ ನನಗೆ ಅನ್ನ ಇಳಿಯಲ್ಲ. ನಿಮ್ಮ ಬೀದೀಲಿ ಅಷ್ಟು ಮಂದಿ ಮುಂದೆ ಅರ್ಧ ನಿಜ ಹೇಳಿದೆ."

"ಇನ್ನರ್ಧ?"

"ಎಲೆ ಹಾಕಿದಾಗಲೇ ನನಗೆ ಗೊತ್ತಾತು. ಗಂಡು ಅಂತ ತಿಳ್ಕೊಂಡವ್ರೆ ಅಂತ." ಅವನು ರಸ್ತೆಯ ಆ ಬದಿಗೆ ನೋಡಿದ. "ಏಳಬೇಕಿತ್ತು. ಏಳಾಕೆ ಆಗ್ಲಿಲ್ಲ. ಅರ್ಧ ಗಂಟೆ ನಾನು ನಿಮ್ಮ ಮನೆ ಅಳಿಯ ಆಗಿದ್ದೆ. ಅದು ಬಿಟ್ಟು ಏಳಾಕೆ ಮನಸ್ಸು ಬರ್ಲಿಲ್ಲ. ನಿಮ್ಮ ಅಣ್ಣನ ಷರತ್ತು ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ..."

"ನಿಮ್ಮ ಅರ್ಧ ಗಂಟೆಗೆ ನಾನು ಹದಿನೆಂಟು ದಿನ ಕೊಟ್ಟೆ."

ಅವನ ಕಣ್ಣು ತುಂಬಿತ್ತು. ಅವಳದೂ.

"ನಡತೆ ಹೆಂಗೆ ಅಂತ ಊರಿನೋರನ್ನ ಕೇಳಿದ್ರಿ," ಎಂದಳು ಅವಳು. "ನಮ್ಮಣ್ಣ ನಿಮ್ಮನ್ನ ಕೇಳಿದ. ನಿಮಗೆ ಪಾಯಸ ಬೇಕಾ ಅಂತ ನಮ್ಮಮ್ಮ ಕೇಳಿದ್ಲು. ನನ್ನ ಮಾತ್ರ ಯಾರೂ ಕೇಳ್ಲಿಲ್ಲ."

"ಈಗ ಕೇಳ್ತೀನಿ."

"ಬ್ಯಾಡ. ಈಗ ಹೂಂ ಅಂದ್ರೆ ಮನೆಯಿಂದ ತಪ್ಪಿಸ್ಕೊಳ್ಳಾಕೆ ಹೂಂ ಅಂದಂಗೆ ಆಗ್ತೈತೆ. ಉಹೂಂ ಅಂದ್ರೆ ಸಿಟ್ಟಿಗೆ ಅಂದಂಗೆ." ಅವಳು ಕಣ್ಣೊರೆಸಿಕೊಂಡಳು. "ನನ್ನ ಕಾಲ ಮೇಲೆ ನಾನು ನಿಂತ ದಿನ ಕೇಳ್ರಿ. ಅಲ್ಲೀತನಕ ಕಾಗದ ಬ್ಯಾಡ, ಊರ ಕಡೆ ಬರೋದೂ ಬ್ಯಾಡ."

"ಎಷ್ಟು ದಿನ?"

"ಗೊತ್ತಿಲ್ಲ."

"ಆಗ್ಲಿ," ಎಂದ ಜಂಪಣ್ಣ.

ಅವಳು ಪಾಸಾದಳು. ಮನೆಗೆ ಮಾತ್ರ ಆಮೇಲೆ ಒಂದು ಸಂಬಂಧವೂ ಬರಲಿಲ್ಲ. 'ಉಂಡು ಹೋದವನು ಬಿಟ್ಟ ಹುಡುಗಿ' ಎಂಬ ಹೆಸರನ್ನು ಕೆಂಪಕ್ಕ ಚನ್ನಗಿರಿಯವರೆಗೂ ಮುಟ್ಟಿಸಿದ್ದಳು. ಅಮ್ಮ ಅತ್ತಳು. ಮಗಳು ಮಾತ್ರ ಆ ಕೆಟ್ಟ ಹೆಸರಿನ ನೆರಳಲ್ಲೇ ಕೂತು ಓದಿದಳು, ಓಟ ಅಭ್ಯಾಸ ಮಾಡಿದಳು, ಆಯ್ಕೆಗೆ ಹೋಗಿ ಬಂದಳು. ಕಾಯುವುದು ಸುಲಭವಿರಲಿಲ್ಲ. ಎಷ್ಟೋ ಸಂಜೆ, 'ಅವನು ಬೇರೆ ಮದುವೆ ಆಗಿಬಿಟ್ಟಿದ್ದರೆ...' ಎಂಬ ಯೋಚನೆಗೆ ಓದು ನಿಲ್ಲುತ್ತಿತ್ತು. ಕಾಗದ ಬೇಡ ಎಂದವಳು ತಾನೇ. ಯಾರನ್ನು ದೂರುವುದು?

೧೯೮೫ರ ಜೂನ್. ಜಗಳೂರಿನ ಒಂದು ಶೇಂಗಾ ಎಣ್ಣೆ ಮಿಲ್ಲಿನ ಗೇಟು. ಖಾಕಿ ತೊಟ್ಟ ಕಾವಲು ಮೇಲ್ವಿಚಾರಕ ಬಂದವರ ಹೆಸರು ಬರೆದುಕೊಳ್ಳುತ್ತಿದ್ದ. ತಲೆಯೆತ್ತದೆಯೇ ಕೇಳಿದ.

"ಹೆಸರು?"

"ಸರ್ವಮಂಗಳ. ಸಾಸ್ವೆಹಳ್ಳಿ."

ಪೆನ್ನು ನಿಂತಿತು. ತಲೆ ಎತ್ತಲು ಅವನಿಗೆ ಭಯವಾಯಿತು.

"ಯಾರನ್ನ ನೋಡಬೇಕು ಅಂತ ಕೇಳಲ್ವಾ?"

"ಯಾ... ಯಾರನ್ನ?"

"ಜಂಪಣ್ಣ ಅಂತ. ಅವರಿಗೆ ಮದುವೆ ಗಿದುವೆ ಆಗೈತಾ?"

"ಇಲ್ಲ," ಎಂದ ಅವನು. ಈಗ ತಲೆ ಎತ್ತಿದ. ಅವಳು ಬಿಸಿಲಲ್ಲಿ ನಿಂತಿದ್ದಳು. ಸ್ವಲ್ಪ ಕಪ್ಪಾಗಿದ್ದಳು. ಕೈಯಲ್ಲಿ ಉದ್ದನೆಯ ಸರ್ಕಾರಿ ಲಕೋಟೆ.

"ನೀವು ಇಲ್ಲಿರೋದು ಓಂಕಾರಪ್ಪ ಮೇಷ್ಟ್ರು ಹೇಳಿದ್ರು. ಪೊಲೀಸ್ ಆರ್ಡರ್ ಬಂತು. ಸೋಮವಾರ ಟ್ರೇನಿಂಗಿಗೆ ಹೋಗ್ತೀನಿ. ಅದಕ್ಕೆ ಮುಂಚೆ ನೀವು ನನ್ನ ಒಂದು ಮಾತು ಕೇಳೋದಿತ್ತು."

ಅವನು ಗಡಬಡಿಸಿ ಎದ್ದ. "ಒಳಗೆ ಬರ್ರಿ, ಆಫೀಸ್ನಾಗೆ ಕೂತು..."

"ಒಳಗೆ ಕರೆದು ಕೇಳಬ್ಯಾಡ್ರಿ. ಇಲ್ಲೇ ಕೇಳ್ರಿ, ಗೇಟ್ ತೆಗೆದೇ ಇರ್ಲಿ. ಒಲ್ಲೆ ಅನ್ನಿಸಿದ್ರೆ ನಾನು ಬಸ್ ಹತ್ತಿ ಹೋಗಂಗಿರಬೇಕು."

ರಸ್ತೆಯಾಚೆ ದಾವಣಗೆರೆ ಬಸ್ ನಿಂತಿತ್ತು. ಇಂಜಿನ್ ಶುರುವಾಗಿತ್ತು. ಜಂಪಣ್ಣ ಗೇಟಿನ ಎರಡೂ ಬಾಗಿಲನ್ನು ಪೂರ್ತಿ ಸರಿಸಿ, ದಾರಿ ಬಿಟ್ಟು ಪಕ್ಕಕ್ಕೆ ನಿಂತ.

"ಸರ್ವಮಂಗಳ ಅವ್ರೇ, ನನ್ನ ಮದುವೆ ಆಗ್ತೀರಾ?"

ಅವಳು ಬಸ್ಸಿನ ಕಡೆ ತಿರುಗಿದಳು. ಕಂಡಕ್ಟರ್ ಅವಳನ್ನೇ ನೋಡಿ, "ಬರ್ತೀರೇನಮ್ಮ?" ಎಂದು ಕೂಗಿದ. ಅವಳು ನಿಂತೇ ಇದ್ದಳು. ಬಸ್ ಹೊರಟಿತು. ಧೂಳು ಇಳಿಯುವವರೆಗೂ ಅವಳು ಆ ಕಡೆಯೇ ನೋಡಿದಳು.

"ಆಗ್ತೀನಿ," ಎಂದಳು.

ಅವನಿಗೆ ಅಳುವೋ ನಗುವೋ ತಿಳಿಯಲಿಲ್ಲ. "ಬಸ್ ಹೋತಲ್ರೀ..."

"ಮುಂದಿಂದು ಎಷ್ಟೊತ್ತಿಗೈತೆ?"

"ಮೂರಕ್ಕೆ."

"ಹಂಗಾದ್ರೆ ಮೂರರವರೆಗೂ ಇರ್ತೀನಿ," ಎಂದು ಅವಳು ಗೇಟಿನೊಳಗೆ ಕಾಲಿಟ್ಟಳು.